ಗುಡ್ಡದ ಹಿಂದೆ ಟೀವಿ ಬಂದ ಕತೆ

ಜುಲೈ ತಿಂಗಳಲ್ಲಿ ಮೂಡಿಗೆರೆ, ಕಳಸ ಕಡೆಯ ಮನೆಗಳಲ್ಲಿ ಟೀವಿ ಹಾಕಿದ್ರೆ ಅತಿ ಹೆಚ್ಚು ಪ್ರಸಾರ ಆಗೋ ಕಾರ್ಯಕ್ರಮ ಒಂದೇ: ‘ನೋ ಸಿಗ್ನಲ್’. ನಾಳೆ ಶಾಲೆಗೆ ರಜೆ ಇದೆಯಾ, ಚಾರ್ಮಾಡಿ ಘಾಟಿ ತೆರೆದಿದೆಯಾ, ಭದ್ರಾ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತಾ ಅಂತ ತಿಳ್ಕೋಬೇಕಾದ ಹೊತ್ತಲ್ಲೇ ಪರದೆ ಕಪ್ಪಾಗುತ್ತೆ. ಬಯಲುಸೀಮೆಯಿಂದ ಬಂದ ಹಾಸ್ಟೆಲ್ ಗೆಳೆಯರಿಗೆ ಇದು ತಮಾಷೆ. ನಮಗೆ ಮಾತ್ರ ಇದೊಂದು ಒಳ್ಳೆ ಎಂಜಿನಿಯರಿಂಗ್ ಪ್ರಶ್ನೆ: ಈ ಬೆಟ್ಟಗಳೊಳಗೆ ಟೀವಿ ಬಂದಿದ್ದಾದ್ರೂ ಹೇಗೆ, ಬಂದ ಮೇಲೆ ಮಳೆಗೆ ಯಾಕೆ ಹೆದರುತ್ತೆ?

ಮೊದಲು ಗುಡ್ಡದ ವಿಷಯ. ಟೀವಿ ತರಂಗ ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಹೋಗುತ್ತೆ. ಅದು ಎಷ್ಟು ದೂರ ಮುಟ್ಟುತ್ತೆ ಅನ್ನೋದಕ್ಕೆ ಸುಲಭ ಲೆಕ್ಕ ಇದೆ. ಟವರ್‌ನ ಎತ್ತರ, ನಿಮ್ಮ ಮನೆ ಆಂಟೆನಾದ ಎತ್ತರ ಎರಡನ್ನೂ ಮೀಟರಿನಲ್ಲಿ ತಗೊಂಡು, ಎರಡರ ವರ್ಗಮೂಲ ಕೂಡಿ, 4.12ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತೆ. 150 ಮೀಟರ್ ಟವರ್, 10 ಮೀಟರ್ ಆಂಟೆನಾ ಅಂದ್ರೆ ಸುಮಾರು 63 ಕಿಲೋಮೀಟರ್. ಬಯಲಲ್ಲಿ ಇದು ಸರಿ. ಆದರೆ ಈ ಸೂತ್ರ ಭೂಮಿ ನುಣ್ಣಗಿದೆ ಅಂತ ನಂಬಿಕೊಂಡಿದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಅದರ ಸುತ್ತಲಿನ ಸಾಲುಗಳು, ಆಚೆ ಕುದುರೆಮುಖ, ಇವುಗಳ ಮಡಿಲಲ್ಲಿರೋ ಕಣಿವೆಗೆ ಸೂತ್ರ ಉಪಯೋಗಕ್ಕೆ ಬರಲ್ಲ. ಗುಡ್ಡದ ಹಿಂದೆ ಸಿಗ್ನಲ್ಲಿನ ನೆರಳು ಬೀಳುತ್ತೆ. ಹಳಬರು ಅಡಿಕೆ ಮರದ ಕಂಬಕ್ಕೆ ಯಾಗಿ ಆಂಟೆನಾ ಕಟ್ಟಿ, ಒಬ್ಬರು ಮೇಲೆ ತಿರುಗಿಸ್ತಾ, ಇನ್ನೊಬ್ಬರು ಒಳಗಿಂದ ‘ಬಂತು, ಬಂತು, ಹೋಯ್ತು’ ಅಂತ ಕೂಗ್ತಾ ಇದ್ದಿದ್ದು ಈ ನೆರಳಿನ ಅಂಚಲ್ಲಿ ಸೋರಿ ಬರೋ ಸ್ವಲ್ಪ ಸಿಗ್ನಲ್ ಹಿಡಿಯೋಕೆ.

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಟೀವಿ ನೆಟ್‌ವರ್ಕ್ ಶುರುವಾದ ಕಾಲದಲ್ಲಿ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಚಿತ್ರ ಕಳಿಸೋ ದಾರಿಯೇ ಇರಲಿಲ್ಲ. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ನೇರಪ್ರಸಾರ ಆಗ್ತಿದ್ದ ನಾಟಕವನ್ನ ಟೀವಿ ಪರದೆ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ಶೂಟ್ ಮಾಡಿ, ಆ ಮಸುಕು ಫಿಲ್ಮನ್ನ ಬೇರೆ ಊರಿನ ಸ್ಟೇಷನ್ನುಗಳಿಗೆ ಕಳಿಸ್ತಿದ್ರು. ಇದಕ್ಕೆ ಕಿನಿಸ್ಕೋಪ್ ಅಂತ ಹೆಸರು. ಇವತ್ತು ಥಿಯೇಟರಲ್ಲಿ ಮೊಬೈಲ್ ಹಿಡಿದು ಕದ್ದು ರೆಕಾರ್ಡ್ ಮಾಡ್ತಾರಲ್ಲ, ಅದರ ಮರ್ಯಾದಸ್ಥ ಅಜ್ಜ. 1951ರಲ್ಲಿ ಎಟಿ ಆ್ಯಂಡ್ ಟಿ ಕಂಪನಿ ಮೈಕ್ರೋವೇವ್ ಟವರ್‌ಗಳ ಸರಪಳಿಯನ್ನ ಕರಾವಳಿಯಿಂದ ಕರಾವಳಿಗೆ ಮುಟ್ಟಿಸಿತು. 1956ರಲ್ಲಿ ಆಂಪೆಕ್ಸ್ ವಿಡಿಯೋ ಟೇಪ್ ಬಂತು.

ಆದರೆ ಗುಡ್ಡದ ಊರುಗಳಿಗೆ ಅದರಿಂದೇನೂ ಲಾಭ ಆಗಲಿಲ್ಲ. ಒರೆಗಾನ್ ರಾಜ್ಯದ ಆಸ್ಟೋರಿಯಾ ಅನ್ನೋ ಊರಲ್ಲಿ ಎಡ್ ಪಾರ್ಸನ್ಸ್ ಅನ್ನೋರು 1948ರಲ್ಲಿ ಹೋಟೆಲೊಂದರ ಮಾಳಿಗೆ ಮೇಲೆ ಆಂಟೆನಾ ನಿಲ್ಲಿಸಿ, ಸಿಯಾಟಲ್‌ನಿಂದ ಬರೋ ಕ್ಷೀಣ ಸಿಗ್ನಲ್ ಹಿಡಿದು ಕೇಬಲ್ಲಿನಲ್ಲಿ ಇಳಿಸಿಕೊಂಡರು. ಆಮೇಲೆ ನೆರೆಹೊರೆಯವರಿಗೂ ಕೊಟ್ಟರು. ಪೆನ್ಸಿಲ್ವೇನಿಯಾದ ಬೆಟ್ಟದೂರುಗಳಲ್ಲೂ ಅದೇ ಹೊತ್ತಿಗೆ ಇದೇ ಕೆಲಸ ನಡೀತು. ಕೇಬಲ್ ಟೀವಿ ಹುಟ್ಟಿದ್ದು ನೂರು ಚಾನೆಲ್ ನೋಡೋ ಶೋಕಿಗಲ್ಲ, ಗುಡ್ಡ ಅಡ್ಡ ಬಂದಿದ್ದಕ್ಕೆ.

ಹಾಗಾದ್ರೆ ಮಲೆನಾಡಿಗೂ ಕೇಬಲ್ ಎಳೀಬಹುದಿತ್ತಲ್ಲಾ? ಪೇಟೆಗಳಲ್ಲಿ ಎಳೆದರು. ತೋಟದ ಮನೆಗಳಿಗೆ ಅದು ಆಗದ ಮಾತು. ಮಾಮೂಲಿ ಆರ್‌ಜಿ-6 ಕೇಬಲ್ 750 ಮೆಗಾಹರ್ಟ್ಸ್‌ನಲ್ಲಿ 100 ಮೀಟರಿಗೆ ಸುಮಾರು 18 ಡೆಸಿಬೆಲ್ ನುಂಗುತ್ತೆ, ಅಂದ್ರೆ ಅರವತ್ತರಲ್ಲಿ ಒಂದು ಪಾಲು ಉಳಿಯುತ್ತೆ. ದಪ್ಪ ಕೇಬಲ್ ಹಾಕಿದ್ರೂ ದಾರಿಯುದ್ದಕ್ಕೂ ಆಂಪ್ಲಿಫೈಯರ್ ಬೇಕು, ಅದಕ್ಕೆ ಕರೆಂಟ್ ಬೇಕು. ಇಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಮಧ್ಯೆ ಒಂದು ಹಳ್ಳ, ಎರಡು ತೋಟ, ಕೆಲವೊಮ್ಮೆ ಒಂದು ಆನೆ.

ಭಾರತ ಹಿಡಿದ ದಾರಿ ಬೇರೆ: ನೆಲ ಬಿಟ್ಟು ಆಕಾಶಕ್ಕೆ ಹೋಗೋದು. 1969ರಲ್ಲಿ ವಿಕ್ರಂ ಸಾರಾಭಾಯಿ ಅವರ ಮುಂದಾಳತ್ವದಲ್ಲಿ ನಾಸಾ ಜೊತೆ ಒಪ್ಪಂದ ಆಯ್ತು. ಅದರಿಂದ ಬಂದಿದ್ದೇ ಸೈಟ್ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹವನ್ನ ಎರವಲು ತಗೊಂಡು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರವಾಗಿ ಟೀವಿ ತೋರಿಸಿದರು. ಉಪಗ್ರಹದ ಬೆನ್ನಿಗೆ 9 ಮೀಟರ್ ಅಗಲದ, ಕೊಡೆ ಹಾಗೆ ಬಿಚ್ಚಿಕೊಳ್ಳೋ ಆಂಟೆನಾ. ಮೇಲಿಂದ ಅಷ್ಟು ಜೋರಾಗಿ ಕಳಿಸಿದ್ದರಿಂದ ಕೆಳಗೆ ಕೋಳಿ ಗೂಡಿಗೆ ಬಳಸೋ ತಂತಿ ಬಲೆಯಿಂದ ಮಾಡಿದ 3 ಮೀಟರ್ ಡಿಶ್ ಸಾಕಾಯ್ತು. ಕರ್ನಾಟಕದಲ್ಲಿ ಆಯ್ದಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು. ತೆರೆಮರೆಯ ಒಂದು ಸಂಗತಿ ನಮಗೆ ತುಂಬಾ ಇಷ್ಟ ಆಯ್ತು: ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸಬಲ್ಲದಾಗಿತ್ತು. ಹಾಗಾಗಿ ಒಂದೇ ದೃಶ್ಯ, ಆಂಧ್ರದ ಹಳ್ಳಿಗೆ ತೆಲುಗು, ನಮ್ಮ ಹಳ್ಳಿಗೆ ಕನ್ನಡ. ಆ ಕನ್ನಡ ಕಾರ್ಯಕ್ರಮಗಳು ತಯಾರಾಗ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ!

ವರ್ಷ ಮುಗೀತು, ಅಮೆರಿಕ ತನ್ನ ಉಪಗ್ರಹ ವಾಪಸ್ ತಗೊಂಡಿತು. ಗುಲ್ಬರ್ಗದಲ್ಲಿ 1977ರಲ್ಲಿ ನೆಲದ ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ, ಅಂದ್ರೆ ಗುಲ್ಬರ್ಗದ ಆಮೇಲೆ. ಇದನ್ನ ಬೆಂಗಳೂರಿನ ಗೆಳೆಯರಿಗೆ ಹೇಳಿ ನೋಡಿ, ನಂಬಲ್ಲ.

ಇನ್ನು ನಮ್ಮ ಪಕ್ಕದೂರಿನ ಪಾತ್ರ. ಬೇಲೂರು ದಾಟಿದರೆ ಹಾಸನ. ಅಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ. 36,000 ಕಿಲೋಮೀಟರ್ ಮೇಲಿರೋ ಇನ್ಸಾಟ್‌ಗಳನ್ನ ಅಲುಗಾಡದ ಹಾಗೆ ಹಿಡಿದಿಡೋದು ಅಲ್ಲಿನ ಕೆಲಸ. ಮೊದಲ ಮಗುವೇ ಕೈ ತಪ್ಪಿತು. 1982ರ ಏಪ್ರಿಲ್ 10ಕ್ಕೆ ಹಾರಿದ ಇನ್ಸಾಟ್-1ಎಗೆ ಶುರುವಿನಿಂದಲೂ ಕಾಟ. ಆಂಟೆನಾ ಬಿಚ್ಚಿಕೊಳ್ಳದೆ ಸತಾಯಿಸಿತು. ಆಗಸ್ಟ್ 15ಕ್ಕೆ ದೂರದರ್ಶನದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯ್ತು. ಮೂರೇ ವಾರ. ಸೆಪ್ಟೆಂಬರ್ ಮೊದಲ ವಾರ ಉಪಗ್ರಹ ಭೂಮಿಯ ದಿಕ್ಕು ತಪ್ಪಿ, ತನ್ನನ್ನ ಸರಿಪಡಿಸಿಕೊಳ್ಳೋ ಒದ್ದಾಟದಲ್ಲಿ ಇದ್ದ ಇಂಧನ ಎಲ್ಲಾ ಖಾಲಿ ಮಾಡಿಕೊಂಡಿತು. ಏಳು ವರ್ಷ ಬಾಳಬೇಕಾದ್ದು ಐದೇ ತಿಂಗಳಿಗೆ ಮುಗೀತು. ಯೋಚಿಸಿ, ಕಂಟ್ರೋಲ್ ರೂಮಲ್ಲಿ ಕೂತವರಿಗೆ ರಿಪೇರಿಗೆ ಹೋಗೋ ದಾರಿಯೇ ಇಲ್ಲ.

1983ರ ಆಗಸ್ಟ್ 30ರ ರಾತ್ರಿ ಚಾಲೆಂಜರ್ ಸ್ಪೇಸ್ ಶಟಲ್ ಇನ್ಸಾಟ್-1ಬಿಯನ್ನ ಹೊತ್ತುಕೊಂಡು ಹೋಯ್ತು. ಅದರ ಸೋಲಾರ್ ಪ್ಯಾನಲ್ಲೂ ಕೆಲವು ದಿನ ಬಿಚ್ಚಿಕೊಳ್ಳಲಿಲ್ಲ, ಕೊನೆಗೆ ಬಿಚ್ಚಿತು. ಅದನ್ನ ನಿಲ್ಲಿಸಿದ್ದು 74 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ನಮ್ಮ ಚಿಕ್ಕಮಗಳೂರು 75.8. ಆ ಉಪಗ್ರಹ ನಂಬಿಕೊಂಡೇ 1984ರಲ್ಲಿ ದೇಶದಲ್ಲಿ ಕೆಲವು ತಿಂಗಳ ಕಾಲ ಹೆಚ್ಚುಕಡಿಮೆ ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ಎದ್ದವು. ಬಹುಪಾಲು 100 ವ್ಯಾಟ್‌ನ ಪುಟ್ಟವು. ಡಿಶ್ಶಿನಲ್ಲಿ ಹಿಡಿದಿದ್ದನ್ನ ಸುತ್ತಲಿನ ಊರಿಗೆ ಹಂಚೋದು ಅಷ್ಟೇ ಅವುಗಳ ಕೆಲಸ. ಆದರೆ ಉಪಗ್ರಹಕ್ಕೆ ಸಿಗ್ನಲ್ ಹೋಗ್ತಿದ್ದುದು ದೆಹಲಿಯಿಂದ. ಹಾಗಾಗಿ ಸಣ್ಣ ಊರುಗಳಿಗೆ ಬಂದಿದ್ದು ‘ಹಮ್ ಲೋಗ್’. ಬೆಂಗಳೂರಿನ ಸ್ಟುಡಿಯೋ ಕನ್ನಡ ಅಲ್ಲಿಗೆ ಮುಟ್ಟೋಕೆ ಇನ್ನೂ ಕಾಯಬೇಕಾಯ್ತು. ಸೈಟ್ ಕಾಲದಲ್ಲಿ ಎರಡು ಭಾಷೆಗೆ ಜಾಗ ಮಾಡಿದ್ದ ತಂತ್ರಜ್ಞಾನ ಇಲ್ಲಿ ಹಿಂದಕ್ಕೆ ಹೋಯ್ತು ಅಂತಲೇ ನಮ್ಮ ಅಭಿಪ್ರಾಯ.

100 ವ್ಯಾಟ್ ಟ್ರಾನ್ಸ್‌ಮಿಟರಿಗೂ ಗುಡ್ಡ ಗುಡ್ಡವೇ. ಪೂರ್ತಿ ದಾಟಿಸಿದ್ದು ಮನೆ ಮೇಲಿನ ಡಿಶ್. ಮೊದಲು ಅಂಗಳದಲ್ಲಿ ಕೂರೋ ದೊಡ್ಡ ಸಿ-ಬ್ಯಾಂಡ್ ಡಿಶ್, 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಬಂದ ಮೇಲೆ ತಟ್ಟೆಯಷ್ಟು ಚಿಕ್ಕ ಕೆಯು-ಬ್ಯಾಂಡ್ ಡಿಶ್. ಇಲ್ಲಿ ನಮಗೊಂದು ಅದೃಷ್ಟ ಇದೆ. ನಾವು ಸಮಭಾಜಕಕ್ಕೆ ಹತ್ತಿರ, 13 ಡಿಗ್ರಿ ಉತ್ತರದಲ್ಲಿ. ಹಾಗಾಗಿ ಡಿಡಿ ಬಳಸೋ 93.5 ಡಿಗ್ರಿಯ ಉಪಗ್ರಹ ಇಲ್ಲಿಂದ 60 ಡಿಗ್ರಿಗೂ ಮೇಲೆ, ಹೆಚ್ಚುಕಡಿಮೆ ನೆತ್ತಿಯತ್ತಲೇ ಇರುತ್ತೆ. ಅಷ್ಟು ಎತ್ತರಕ್ಕೆ ಯಾವ ಗುಡ್ಡವೂ ಅಡ್ಡ ಬರಲ್ಲ. ಅಡ್ಡ ಬಂದ್ರೆ ಸಿಲ್ವರ್ ಓಕ್ ಮರ ಅಷ್ಟೇ.

ಗುಡ್ಡ ಸೋತಿತು, ಮಳೆ ಗೆದ್ದಿತು. ಸಿ-ಬ್ಯಾಂಡ್ ಸುಮಾರು 4 ಗಿಗಾಹರ್ಟ್ಸ್, ತರಂಗಾಂತರ ಏಳೂವರೆ ಸೆಂಟಿಮೀಟರ್. ಕೆಯು ಸುಮಾರು 12, ಅಂದ್ರೆ ಎರಡೂವರೆ ಸೆಂಟಿಮೀಟರ್. ತರಂಗ ಚಿಕ್ಕದಾದಷ್ಟೂ ಮಳೆಹನಿ ಅದರ ಮುಂದೆ ದೊಡ್ಡದು. ಗಂಟೆಗೆ 50 ಮಿಲಿಮೀಟರ್ ರಭಸದ ಮಳೆಯಲ್ಲಿ ಕೆಯು ಕಿಲೋಮೀಟರಿಗೆ ಸುಮಾರು 2.4 ಡೆಸಿಬೆಲ್ ಕಳಕೊಳ್ಳುತ್ತೆ. ಸಿ-ಬ್ಯಾಂಡ್ ಕಳಕೊಳ್ಳೋದು ಅದರ ನಲವತ್ತರಲ್ಲೊಂದು ಪಾಲು. ಮಳೆಯೊಳಗಿನ ದಾರಿ 4 ಕಿಲೋಮೀಟರ್ ಅಂದ್ಕೊಂಡ್ರೂ ಕೆಯುಗೆ ಹತ್ತು ಡೆಸಿಬೆಲ್ ಹೋಯ್ತು, ಹತ್ತರಲ್ಲಿ ಒಂದು ಪಾಲು ಉಳೀತು. ಸಾಲದ್ದಕ್ಕೆ ಮಳೆ ತಾನೂ ರೇಡಿಯೋ ಗದ್ದಲ ಹೊರಸೂಸುತ್ತೆ. ಹಳೇ ಅನಲಾಗ್ ಆಗಿದ್ರೆ ಚುಕ್ಕಿ ಚುಕ್ಕಿ ಚಿತ್ರದ ಹಿಂದೆ ವಾರ್ತೆ ಓದೋರ ದನಿಯಾದ್ರೂ ಕೇಳ್ತಿತ್ತು. ಡಿಜಿಟಲ್‌ನಲ್ಲಿ ಒಂದು ಮಿತಿ ದಾಟಿದ್ರೆ ಏನೂ ಇಲ್ಲ.

2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು, ಚಾರ್ಮಾಡಿ ಬಂದ್ ಆಗಿತ್ತು. ಅಂಥ ಮಳೆಯಲ್ಲಿ ಕರೆಂಟು, ಮೊಬೈಲ್ ಟವರ್, ಡಿಶ್ ಮೂರೂ ಒಟ್ಟಿಗೆ ಕೈ ಕೊಡುತ್ತವೆ. ಇತ್ತ ದೂರದರ್ಶನದ ನೆಲದ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನೂ 2022ರ ಹೊತ್ತಿಗೆ ಬಹುತೇಕ ನಿಲ್ಲಿಸಿಬಿಟ್ಟರು. ಬ್ಯಾಟರಿ ಹಾಕಿದ ರೇಡಿಯೋ ಇದ್ದ ಮನೆಯವರೇ ಜಾಣರು. ಮೀಡಿಯಂ ವೇವ್ ತರಂಗ ನೂರಾರು ಮೀಟರ್ ಉದ್ದದ್ದು, ಅದಕ್ಕೆ ಮಳೆ ಲೆಕ್ಕಕ್ಕಿಲ್ಲ, ಗುಡ್ಡವನ್ನೂ ಬಳಸಿಕೊಂಡು ಬರುತ್ತೆ.

ಈಗ ಇಂಟರ್ನೆಟ್ ಇಲ್ಲದೆ ಮೊಬೈಲಿಗೇ ನೇರ ಟೀವಿ ಕಳಿಸೋ ಡಿ2ಎಂ ಬಗ್ಗೆ ಮಾತು ನಡೀತಿದೆ, ಬೆಂಗಳೂರಲ್ಲಿ ಪರೀಕ್ಷೆಯೂ ಆಗಿದೆ. ಅದಕ್ಕೆ ಯೋಚಿಸಿರೋದು 526ರಿಂದ 582 ಮೆಗಾಹರ್ಟ್ಸ್, ಹಳೇ ಟೀವಿ ಬ್ಯಾಂಡೇ. ಮಳೆಗೆ ಹೆದರಲ್ಲ, ಅಷ್ಟು ಒಳ್ಳೇದು. ಆದರೆ ಸಿಗ್ನಲ್ ಮತ್ತೆ ನೆಲದ ಟವರಿಂದ ಬರುತ್ತೆ, ಮತ್ತೆ ಗುಡ್ಡದ ನೆರಳು. ಬಾಳೂರಿಗೆ ಒಂದು, ಸಂಸೆಗೆ ಒಂದು, ಹೊರನಾಡಿಗೆ ಇನ್ನೊಂದು ಅಂತ ಕಣಿವೆ ಕಣಿವೆಗೂ ಸಣ್ಣ ಟ್ರಾನ್ಸ್‌ಮಿಟರ್ ಇಡ್ತಾರಾ, ಅದಕ್ಕೆ ಮಳೆಗಾಲದಲ್ಲಿ ಎಷ್ಟು ದಿನದ ಬ್ಯಾಟರಿ ಕೊಡ್ತಾರೆ? ಫೈನಲ್ ಇಯರ್ ಪ್ರಾಜೆಕ್ಟಿಗೆ ಟಾಪಿಕ್ ಹುಡುಕ್ತಿರೋ ಸೀನಿಯರ್‌ಗಳು ಒಂದು ನಕ್ಷೆ ಹಿಡಿದು ಲೆಕ್ಕ ಹಾಕಬಹುದು. ಬೆಟ್ಟ ಹತ್ತೋಕೆ ನಾವು ಬರ್ತೀವಿ.