ನಿಮಗಿದು ಗೊತ್ತೆ? ಕಪ್ಪು ದ್ರಾಕ್ಷಿಯ ರಸ ಕಪ್ಪಲ್ಲ!

ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿ ಹೊರಗೆ ಕಡುಗಪ್ಪು. ಹಣ್ಣೊಂದನ್ನು ಹಿಂಡಿದರೆ ಬರುವ ರಸಕ್ಕೆ ಹೆಚ್ಚುಕಡಿಮೆ ಬಣ್ಣವೇ ಇರುವುದಿಲ್ಲ. ಕೆಂಪು ವೈನ್‌ನ ಕೆಂಪೆಲ್ಲ ಸಿಪ್ಪೆಯದು! ಸಿಪ್ಪೆ, ಬೀಜದ ಸಮೇತ ರಸವನ್ನು ದಿನಗಟ್ಟಲೆ ಹುದುಗಲು ಬಿಟ್ಟಾಗ ಬಣ್ಣ ಬಿಡುತ್ತದೆ. ಜೊತೆಗೆ ಟ್ಯಾನಿನ್ ಎಂಬ ಒಗರು ಕೂಡ.

ಈ ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನೇರಳೆ ಹಣ್ಣು ತಿಂದಂತೆ ಬಾಯಿ ಒಣಗುವುದು ಅದಕ್ಕೇ. ಬಾಯಲ್ಲಿ ಕುರಿ ಮಾಂಸವೋ ಚೀಸೋ ಇದ್ದರೆ ಒಗರು ಮೆತ್ತಗಾಗುತ್ತದೆ. ಮೀನಿಗೆ ಮಾತ್ರ ಈ ವೈನ್ ಆಗಿಬರದು. ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ವಾಸನೆಯನ್ನು ಇನ್ನಷ್ಟು ಎಬ್ಬಿಸುತ್ತದೆ.

ಇಂಥ ಗಟ್ಟಿ ವೈನ್ ದೂರದ ಫ್ರಾನ್ಸಿನದೇ ಆಗಬೇಕಿಲ್ಲ. ನಮ್ಮ ಹಾಲಹರವಿ ಊರಿನಿಂದ ಬಳ್ಳಾರಿ ದಾಟಿದರೆ ಹಂಪಿ ಗುಡ್ಡಗಳ ಸೀಮೆ. ಅಲ್ಲಿನ 'ಕೃಸ್ಮಾ' ತೋಟದ ಕ್ಯಾಬರ್ನೆ ಬಾಟಲಿಗೆ ಇಳಿಯುತ್ತದೆ. ನಂದಿ ಬೆಟ್ಟದ ತಪ್ಪಲಿನ 'ಗ್ರೋವರ್' ತೋಟದವರದು ಇನ್ನೂ ಹಳೆಯ ಹೆಸರು.

ನಮ್ಮ ಕಡೆಯ ಊಟಕ್ಕೆ ಇದು ಹೊಂದುತ್ತದೆಯೇ? ಮೆಣಸಿನಕಾಯಿ ನೋಡಿ ಹೇಳಬೇಕು. ಇಂಥ ವೈನ್‌ನಲ್ಲಿ ಆಲ್ಕೊಹಾಲ್ ಸುಮಾರು ಶೇ 14. ಅದು ಖಾರದ ಉರಿಯನ್ನು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ಬ್ಯಾಡಗಿ ಹಾಕಿದ ಮಟನ್ ಸಾರು, ಜೋಳದ ರೊಟ್ಟಿ ಆದೀತು. ಗುಂಟೂರು ಮೆಣಸಿನಕಾಯಿ ಅರೆದಿದ್ದರೆ ಮಜ್ಜಿಗೆಯೇ ವಾಸಿ!

ಇದನ್ನು ಕುಡಿಯುವ ಹದ 16ರಿಂದ 18 ಡಿಗ್ರಿ. ಮೇ ತಿಂಗಳಲ್ಲಿ ನಮ್ಮ ಮನೆಗಳೊಳಗೆ ಅಷ್ಟು ತಂಪು ಸಿಗುವುದು ಬಾಟಲಿಯನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ಇಟ್ಟರೆ ಮಾತ್ರ.