ಔಷಧವಿಲ್ಲದ ಯಂತ್ರಚಿಕಿತ್ಸೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿರುವ ನಮ್ಮ ಹಿರಿಯರಲ್ಲಿ ಅನೇಕರು ಮುಂಜಾನೆ ಲೋಕಲ್ ಗಾಡಿ ಹಿಡಿದು ರಾತ್ರಿ ಮನೆಗೆ ಮರಳುವವರು. ನಿದ್ರೆ ಸಾಲದು, ಊಟಕ್ಕೆ ಹೊತ್ತುಗೊತ್ತಿಲ್ಲ. ಅರೆತಲೆನೋವೂ ರಕ್ತದೊತ್ತಡವೂ ಇವರಿಗೆ ಅಪರಿಚಿತವಲ್ಲ. ಆದುದರಿಂದ ಔಷಧವಿಲ್ಲದೆ ಯಂತ್ರದಿಂದಲೇ ಗುಣವೆಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ಅತ್ತ ಹರಿಯುವುದು ಸಹಜ. ಈ ಮಾತಿನಲ್ಲಿ ನಿಜವೆಷ್ಟೆಂಬುದನ್ನು ವಿಚಾರಿಸೋಣ.

ಮುಖದ ಸ್ಪರ್ಶವನ್ನೂ ನೋವನ್ನೂ ಮಿದುಳಿಗೆ ತಿಳಿಸುವ, ಮೂರು ಕವಲುಗಳುಳ್ಳ ದೊಡ್ಡ ನರವೊಂದುಂಟು. ಅರೆತಲೆನೋವಿನಲ್ಲಿ ಇದರ ಪಾತ್ರ ಮುಖ್ಯವಾದುದು. ಇದರ ಮೇಲ್ಗವಲು ಹುಬ್ಬಿನ ಮೇಲೆ ಚರ್ಮದಡಿಯಲ್ಲಿ ಹರಡಿದೆ. ಹಣೆಗೆ ಅಂಟಿಸುವ ಪುಟ್ಟ ಯಂತ್ರವು ವಿದ್ಯುತ್ತಿನ ಮೃದು ಮಿಡಿತಗಳಿಂದ ಈ ಕವಲನ್ನು ಪ್ರಚೋದಿಸುತ್ತದೆ. ಈ ಕಲ್ಪನೆ ತೀರ ಹೊಸದಲ್ಲ. ಸುಮಾರು 2,000 ವರ್ಷಗಳ ಹಿಂದೆಯೇ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸನು ಹಳೆಯ ತಲೆನೋವಿಗೆ ವಿದ್ಯುತ್ ಮೀನನ್ನು ತಲೆಯ ಮೇಲಿಡಲು ಹೇಳಿದ್ದನು.

ಹಣೆಯ ಯಂತ್ರವನ್ನು ಪರೀಕ್ಷಿಸಿದ ಬಗೆ ತಿಳಿಯತಕ್ಕದ್ದು. ಬೆಲ್ಜಿಯಂ ದೇಶದಲ್ಲಿ 67 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಯಂತ್ರವನ್ನೂ ಇನ್ನೊಂದಕ್ಕೆ ಹುಸಿ ಯಂತ್ರವನ್ನೂ ಕೊಟ್ಟರು. ದಿನಕ್ಕೆ 20 ನಿಮಿಷದಂತೆ 3 ತಿಂಗಳು ಬಳಸಿದ ಮೇಲೆ, ನೋವಿನ ದಿನಗಳು ಅರ್ಧಕ್ಕಾದರೂ ಇಳಿದವರು ನಿಜ ಯಂತ್ರದ ಗುಂಪಿನಲ್ಲಿ ನೂರಕ್ಕೆ 38, ಹುಸಿ ಯಂತ್ರದ ಗುಂಪಿನಲ್ಲಿ ನೂರಕ್ಕೆ 12. ಈ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಯಂತ್ರಕ್ಕೆ ಗುಣವುಂಟು, ಆದರೆ ಎಲ್ಲರಿಗೂ ಅಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಹುಸಿ ಯಂತ್ರದಿಂದಲೂ ಕೆಲವರಿಗೆ ಹಿತವಾದುದರಿಂದ, ‘ನನಗೆ ಗುಣವಾಯಿತು’ ಎಂಬ ಒಬ್ಬರ ಮಾತು ಪ್ರಮಾಣವಾಗಲಾರದು.

ರಕ್ತದೊತ್ತಡದ ಸಂಗತಿ ಬೇರೆ. ಅರೆತಲೆನೋವು ತಾನೇ ಕೂಗಿ ಹೇಳುತ್ತದೆ. ಏರಿದ ರಕ್ತದೊತ್ತಡ ಬಹುಮಟ್ಟಿಗೆ ಮೌನವಾಗಿರುತ್ತದೆ. ಧ್ವನಿಯ ಸಹಾಯದಿಂದ ಉಸಿರಾಟವನ್ನು ನಿಧಾನಗೊಳಿಸುವ ಯಂತ್ರವೊಂದಕ್ಕೆ ಅಮೆರಿಕವು 2002ರಲ್ಲಿ, ಇತರ ಚಿಕಿತ್ಸೆಗೆ ನೆರವಾಗಿ ಮಾತ್ರ, ಅನುಮತಿಯಿತ್ತಿತು. ಇಂಥ ಪ್ರಯೋಗಗಳನ್ನೆಲ್ಲ 2012ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ತಯಾರಕರ ಸಂಬಂಧವಿದ್ದವುಗಳನ್ನು ಬಿಟ್ಟರೆ, ಪ್ರಯೋಜನ ಕಂಡುಬರಲಿಲ್ಲ. ಯಂತ್ರವನ್ನು ನಂಬಿ ಮಾತ್ರೆ ಬಿಟ್ಟವರಿಗೆ ದೇಹದಲ್ಲಿ ಏನೂ ತೋರದು. ಒತ್ತಡವು ಒಳಗೊಳಗೇ ಏರಿ ಪಾರ್ಶ್ವವಾಯುವಿಗೋ ಹೃದಯಾಘಾತಕ್ಕೋ ದಾರಿಮಾಡಬಹುದು. ಅಧಿಕ ರಕ್ತದೊತ್ತಡವನ್ನು ಗುಣಪಡಿಸುವೆವೆಂಬ ಜಾಹೀರಾತನ್ನು ನಮ್ಮ ದೇಶದ 1954ರ ಕಾಯಿದೆಯೊಂದು ನಿಷೇಧಿಸಿರುವುದು ಈ ಕಾರಣದಿಂದ ಯುಕ್ತವಾಗಿಯೇ ಇದೆ.

ಮನೆಯಲ್ಲಿ ಅಜ್ಜನೋ ಅಜ್ಜಿಯೋ ಯಂತ್ರವೊಂದನ್ನು ಕೊಳ್ಳಹೊರಟಾಗ ನಾವು ವಿನಯದಿಂದಲೇ ಕೇಳಬಹುದು: ಹುಸಿ ಯಂತ್ರದೊಡನೆ ಇದನ್ನು ಹೋಲಿಸಿ ನೋಡಿರುವರೇ? ಆ ಪರೀಕ್ಷೆ ಮಾಡಿದವರು ಯಾರು? ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದೆಂದೂ, ರಕ್ತದೊತ್ತಡವನ್ನು ತಪ್ಪದೆ ಅಳೆಯಿಸಿಕೊಳ್ಳಬೇಕೆಂದೂ ನೆನಪಿಸಬಹುದು. ಶಾಲೆಯಲ್ಲಿ ಕಲಿತ ವಿಜ್ಞಾನವು ಮನೆಯವರ ಆರೋಗ್ಯಕ್ಕೆ ಒದಗುವುದು ಹೀಗೆಯೇ.