ಕೊನೆಯ ಇನ್ನೂರು ಮೀಟರು

ನಾಳೆ ಆಗುವುದನ್ನು ಇಂದೇ ತಿಳಿಯಬೇಕೆಂಬ ಚಪಲ ಮನುಷ್ಯನಿಗೆ ಹೊಸತಲ್ಲ. ಮಳೆಯ ನಕ್ಷತ್ರಗಳನ್ನು ಎಣಿಸುವ ರೈತನಿಂದ ಹಿಡಿದು ಪ್ರಶ್ನಪತ್ರಿಕೆಯಲ್ಲಿ ಏನು ಬರುವುದೆಂದು ಊಹಿಸುವ ವಿದ್ಯಾರ್ಥಿಯವರೆಗೆ ನಾವೆಲ್ಲರೂ ಒಂದಲ್ಲ ಒಂದು ಬಗೆಯ ಜೋಯಿಸರೇ. ಊಹೆ ನಿಜವಾದರೆ ಅದನ್ನು ನಮ್ಮ ಜಾಣ್ಮೆಯೆನ್ನುತ್ತೇವೆ. ಸುಳ್ಳಾದರೆ ವಿಧಿಯನ್ನು ದೂರುತ್ತೇವೆ. ಆದರೆ ಯಾವುದನ್ನು ಊಹಿಸಬಹುದು, ಯಾವುದನ್ನು ಊಹಿಸಲಾಗದು ಎಂಬ ಗೆರೆ ಎಲ್ಲಿದೆಯೆಂದು ವಿಚಾರ ಮಾಡುವವರು ವಿರಳ. ಆ ಗೆರೆಯನ್ನು ನನಗೆ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ಯಾವ ಶಾಸ್ತ್ರಗ್ರಂಥವೂ ಅಲ್ಲ, ಸೈಕಲ್ಲಿನ ಪಂದ್ಯ.

ಬಂಗಾರಪೇಟೆಯಲ್ಲಿ ಪಾಠ ಹೇಳಿಕೊಂಡಿರುವ ಮೇಷ್ಟ್ರಿಗೆ ಫ್ರಾನ್ಸ್ ದೇಶದ ಪಂದ್ಯದ ಗೊಡವೆ ಏಕೆಂದು ಮಿತ್ರರು ಕೇಳುವುದುಂಟು. ನಮ್ಮ ಕಡೆ ಸೈಕಲ್ಲೆಂದರೆ ಹಾಲಿನ ಕ್ಯಾನು ಹೊರುವ ವಾಹನ. ರಾಜ್ಯಕ್ಕೆ ಹೆಸರು ತಂದ ಸೈಕಲ್ ಪಟುಗಳು ಬಹುಮಟ್ಟಿಗೆ ವಿಜಯಪುರ, ಬಾಗಲಕೋಟೆಗಳ ಸೀಮೆಯವರು; ಕೋಲಾರದವರಲ್ಲ. ಆದರೂ ಜುಲೈ ತಿಂಗಳು ಬಂದರೆ ನಾನು ಟೂರ್ ದ ಫ್ರಾನ್ಸ್ ನೋಡದೆ ಇರಲಾರೆ. 1903ರಲ್ಲಿ ಆರಂಭವಾದ ಈ ಪಂದ್ಯ ಮೂರು ವಾರಗಳ ಕಾಲ, ದಿನಕ್ಕೊಂದು ಹಂತದಂತೆ, ಇಪ್ಪತ್ತೊಂದು ಹಂತಗಳಲ್ಲಿ ಸಾಗುತ್ತದೆ. ಬೆಟ್ಟದ ಹಂತಗಳಲ್ಲಿ ಬಲಶಾಲಿ ಯಾರೆಂಬುದು ಬೇಗ ಬಯಲಾಗುತ್ತದೆ. ನನ್ನ ಮನಸ್ಸನ್ನು ಸೆಳೆಯುವುದು ಸಮತಟ್ಟಾದ ಹಂತಗಳು. ಅಲ್ಲಿ ನೂರೈವತ್ತಕ್ಕೂ ಹೆಚ್ಚು ಸವಾರರು ನಾಲ್ಕೈದು ಗಂಟೆ ಒಟ್ಟಾಗಿ ತುಳಿದು, ಕೊನೆಯ ಹತ್ತು ಹದಿನೈದು ಸೆಕೆಂಡುಗಳಲ್ಲಿ ದಿನದ ತೀರ್ಪನ್ನು ಪಡೆಯುತ್ತಾರೆ.

ಈ ಹಂತಗಳ ಮರ್ಮವೆಲ್ಲ ಗಾಳಿಯಲ್ಲಿದೆ. ಗಂಟೆಗೆ ನಲವತ್ತು ಕಿಲೋಮೀಟರಿಗಿಂತ ವೇಗವಾಗಿ ಹೋಗುವವನ ಶ್ರಮದಲ್ಲಿ ಹೆಚ್ಚಿನ ಪಾಲು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ವಿರುದ್ಧ ಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಆದುದರಿಂದ ಒಬ್ಬನ ಬೆನ್ನಹಿಂದೆ ಮತ್ತೊಬ್ಬ ಅಡಗಿ ಸಾಗುವುದು ಹೇಡಿತನವಲ್ಲ, ಲೆಕ್ಕಾಚಾರ. 2018ರಲ್ಲಿ ಬರ್ಟ್ ಬ್ಲಾಕೆನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 121 ಸವಾರರ ಗುಂಪನ್ನು ಅಧ್ಯಯನ ಮಾಡಿ, ಗುಂಪಿನ ಗರ್ಭದಲ್ಲಿರುವವನಿಗೆ ತಾಗುವ ಗಾಳಿಯ ತಡೆ ಒಂಟಿ ಸವಾರನಿಗೆ ತಾಗುವುದರಲ್ಲಿ ಶೇಕಡ ಐದರಿಂದ ಹತ್ತರಷ್ಟು ಮಾತ್ರವೆಂದು ತೋರಿಸಿದರು.

ಮೊದಲನೆಯ ಊಹೆ ಹುಟ್ಟುವುದು ಇಲ್ಲಿ. ಬೆಳಿಗ್ಗೆಯೇ ಗುಂಪನ್ನು ಬಿಟ್ಟು ಮುಂದೆ ಓಡಿದ ಮೂರು ನಾಲ್ಕು ಮಂದಿ ಕೊನೆಯವರೆಗೆ ಉಳಿಯುವರೇ, ಸಿಕ್ಕಿಬೀಳುವರೇ? ಹಿಂದೆ ಸವಾರನಾಗಿದ್ದು ಮುಂದೆ ವೀಕ್ಷಕ ವಿವರಣೆಕಾರನಾದ ರೋಬರ್ ಶಪಾತ್ ಎಂಬ ಫ್ರೆಂಚರವನು ಇದಕ್ಕೊಂದು ಸೂತ್ರ ಹೇಳಿದ್ದಾನೆ: ಗುಂಪು ಮನಸ್ಸು ಮಾಡಿದರೆ ಹತ್ತು ಕಿಲೋಮೀಟರಿಗೆ ಒಂದು ನಿಮಿಷದಂತೆ ಅಂತರವನ್ನು ಅಳಿಸಬಲ್ಲದು. ವಿದ್ಯಾರ್ಥಿಗಳು ಇದನ್ನು ಹಲಗೆಯ ಮೇಲೆ ಪರೀಕ್ಷಿಸಬಹುದು. ಗಂಟೆಗೆ ಐವತ್ತು ಕಿಲೋಮೀಟರಿನ ವೇಗದಲ್ಲಿ ಗುಂಪು ಹತ್ತು ಕಿಲೋಮೀಟರನ್ನು ಹನ್ನೆರಡು ನಿಮಿಷದಲ್ಲಿ ಮುಗಿಸುತ್ತದೆ. ದಣಿದು ನಲವತ್ತಾರಕ್ಕೆ ಇಳಿದ ಓಟಗಾರರಿಗೆ ಹದಿಮೂರು ನಿಮಿಷ ಬೇಕು. ಸೂತ್ರ ಗಣಿತಕ್ಕೆ ಹತ್ತಿರವಾಗಿಯೇ ಇದೆ.

2014ರಲ್ಲಿ ನ್ಯೂಜಿಲೆಂಡಿನ ಜ್ಯಾಕ್ ಬಾಯರ್, ನೀಮ್ ನಗರಕ್ಕೆ ಹೋಗುವ 222 ಕಿಲೋಮೀಟರಿನ ಹಂತದಲ್ಲಿ ಮೊದಲಿನಿಂದಲೂ ಮುಂದೆ ಇದ್ದು, ಅಂತಿಮ ರೇಖೆ ಕೆಲವೇ ಮಾರುಗಳ ದೂರದಲ್ಲಿ ಕಾಣುತ್ತಿದ್ದಾಗ ಸಿಕ್ಕಿಬಿದ್ದ. ಅಲೆಕ್ಸಾಂಡರ್ ಕ್ರಿಸ್ಟೋಫ್ ಗೆದ್ದ. ಸೂತ್ರ ನಿಜವಾಯಿತು, ಬಾಯರ್ ರಸ್ತೆಯಲ್ಲಿ ಕುಳಿತು ಅತ್ತ. ಆದರೆ 2023ರ ಹದಿನೆಂಟನೆಯ ಹಂತದಲ್ಲಿ, ಬೂರ್-ಆಂ-ಬ್ರೆಸ್ ಪಟ್ಟಣದಲ್ಲಿ, ಡೆನ್ಮಾರ್ಕಿನ ಕ್ಯಾಸ್ಪರ್ ಆಸ್ಗ್ರೀನ್ ಮತ್ತು ಸಂಗಡಿಗರು ಗುಂಪಿಗೆ ಸಿಗಲೇ ಇಲ್ಲ. ಗಾಳಿ ಅಂದೂ ಅದೇ, ಗಣಿತವೂ ಅದೇ. ಆದರೆ ಅದು ಮೂರನೆಯ ವಾರ. ಬೆನ್ನಟ್ಟಬೇಕಾದ ತಂಡಗಳ ಕಾಲು ಸೋತಿತ್ತು. ‘ಗುಂಪು ಮನಸ್ಸು ಮಾಡಿದರೆ’ ಎಂಬ ಮಾತಿನಲ್ಲಿ ಮನಸ್ಸಿನಷ್ಟೇ ಮೈಯೂ ಅಡಗಿದೆಯೆಂಬುದನ್ನು ಮರೆತವನ ಜೋತಿಷ್ಯ ಕೆಡುತ್ತದೆ.

ಗುಂಪು ಒಂದಾಗಿ ಬಂದಿತೆನ್ನಿ. ಇನ್ನು ಎರಡನೆಯ ಊಹೆ: ಗೆಲ್ಲುವವನಾರು? ಬಂಗಾರಪೇಟೆಯ ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲಗಳಿಂದ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅನುಭವಸ್ಥನಾದ ಪ್ರಯಾಣಿಕ ರೈಲು ಬಂದ ಮೇಲೆ ಓಡುವುದಿಲ್ಲ. ಬಾಗಿಲು ಎಲ್ಲಿ ನಿಲ್ಲುವುದೆಂದು ತಿಳಿದು ಮೊದಲೇ ಅಲ್ಲಿ ನಿಂತಿರುತ್ತಾನೆ. ಕಾಲಿನ ಬಲಕ್ಕಿಂತ ನಿಂತ ಸ್ಥಳ ದೊಡ್ಡದು. ಸೈಕಲ್ ಪಂದ್ಯದಲ್ಲಿಯೂ ಹಾಗೆಯೇ. ಅಲ್ಲಿನವರು ಇದಕ್ಕೆ ರೈಲೆಂದೇ ಹೆಸರಿಟ್ಟಿದ್ದಾರೆ! ಒಂದು ತಂಡದ ಸವಾರರು ಸಾಲಾಗಿ ನಿಂತು, ಒಬ್ಬೊಬ್ಬನೂ ತನ್ನ ಶಕ್ತಿಯನ್ನು ಗಾಳಿಗೆ ಅರ್ಪಿಸಿ ಪಕ್ಕಕ್ಕೆ ಸರಿದು, ಹಿಂದಿರುವ ತಮ್ಮ ವೀರನನ್ನು ಕೊನೆಯ ಇನ್ನೂರು ಮೀಟರಿನವರೆಗೆ ತಂದುಬಿಡುತ್ತಾರೆ. ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಷ್ 2009ರಲ್ಲಿ ಪ್ಯಾರಿಸಿನ ರಾಜಬೀದಿಯಲ್ಲಿ ಗೆದ್ದಾಗ, ಅವನನ್ನು ಅಲ್ಲಿಗೆ ಎಳೆದು ತಂದ ಮಾರ್ಕ್ ರೆನ್‌ಷಾ ಎರಡನೆಯವನಾಗಿ ಬಂದ. ರೈಲು ಅಷ್ಟು ಚೆನ್ನಾಗಿತ್ತು.

ಎಂದ ಮೇಲೆ ಊಹಿಸುವವನು ಸವಾರನ ತೊಡೆಯನ್ನು ಮಾತ್ರವಲ್ಲದೆ ದಾರಿಯ ನಕ್ಷೆಯನ್ನೂ ನೋಡಬೇಕು. ಕೊನೆಯ ತಿರುವು ರೇಖೆಗೆ ಹತ್ತಿರವಿದ್ದರೆ, ಅದನ್ನು ಮೊದಲ ಮೂರು ನಾಲ್ಕು ಮಂದಿಯಲ್ಲಿ ದಾಟದವನಿಗೆ ಗೆಲುವಿನ ಆಸೆ ಕಡಮೆ. ಎದುರುಗಾಳಿಯಿದ್ದರೆ ಮೊದಲು ನುಗ್ಗಿದವನು ಕೆಡುತ್ತಾನೆ, ತಾಳಿದವನು ಬಾಳುತ್ತಾನೆ. ಬೆನ್ನಗಾಳಿಯಿದ್ದರೆ ಇದು ತಿರುಗುಮುರುಗು. ರಸ್ತೆ ತುಸು ಏರಾದರೆ ಗೆಲ್ಲುವವನೇ ಬೇರೆ. ಇಷ್ಟನ್ನೂ ತೂಗಿ ನೋಡಿದರೆ ನೂರೈವತ್ತು ಹೆಸರುಗಳು ನಾಲ್ಕೈದಕ್ಕೆ ಇಳಿಯುತ್ತವೆ.

ಆ ನಾಲ್ಕೈದರಲ್ಲಿ ಒಂದನ್ನು ಆರಿಸಬಲ್ಲ ವಿದ್ಯೆ ನಾನು ಕಂಡಿಲ್ಲ. 2017ರ ಏಳನೆಯ ಹಂತದಲ್ಲಿ ಮಾರ್ಸೆಲ್ ಕಿಟೆಲ್ ಎಡ್ವಾಲ್ಡ್ ಬೋಸನ್ ಹಾಗನ್‌ನನ್ನು ಸೋಲಿಸಿದ್ದು ಆರು ಮಿಲಿಮೀಟರಿನಿಂದ. ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯ ಕೊನೆಯಲ್ಲಿ ಉಳಿದ ಅಂತರ ಅವರೆಕಾಳಿನ ಅಗಲ! 2023ರಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡ ಕ್ಯಾವೆಂಡಿಷ್‌ನ ಕತೆ ಮುಗಿಯಿತೆಂದು ಬಲ್ಲವರೇ ನುಡಿದರು. ಮರುವರ್ಷ, 2024ರ ಜುಲೈ 3ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಮೂವತ್ತೈದನೆಯ ಹಂತವನ್ನು ಗೆದ್ದು ಎಡ್ಡಿ ಮರ್ಕ್ಸ್‌ನ ದಾಖಲೆಯನ್ನು ದಾಟಿದ.

ಇಷ್ಟೇ ಆಗಿದ್ದರೆ ಇದೊಂದು ರಂಜನೆಯ ವಿಷಯವೆಂದು ಬಿಡಬಹುದಾಗಿತ್ತು. ಆದರೆ 2020ರ ಆಗಸ್ಟ್ 5ರಂದು ಪೋಲೆಂಡಿನ ಕಟೋವಿಟ್ಸೆಯಲ್ಲಿ ನಡೆದದ್ದು ಬೇರೆ. ಅಲ್ಲಿನ ಅಂತಿಮ ಮಾರ್ಗ ಇಳಿಜಾರು. ವೇಗ ಗಂಟೆಗೆ ಎಂಬತ್ತು ಕಿಲೋಮೀಟರಿನ ಸಮೀಪ. ಡೈಲನ್ ಗ್ರುನೆವೇಗನ್ ತನ್ನ ದಾರಿಯಿಂದ ಓರೆಯಾಗಿ ಸರಿದ. ಫ್ಯಾಬಿಯೊ ಯಾಕೊಬ್ಸನ್ ತಡೆಬೇಲಿಗೆ ಅಪ್ಪಳಿಸಿದ. ಮುಖವೆಲ್ಲ ಜಜ್ಜಿಹೋಗಿ, ವೈದ್ಯರು ಅವನನ್ನು ಔಷಧದಿಂದ ಪ್ರಜ್ಞೆ ತಪ್ಪಿಸಿ ಉಳಿಸಿಕೊಳ್ಳಬೇಕಾಯಿತು. ಗ್ರುನೆವೇಗನ್‌ಗೆ ಒಂಬತ್ತು ತಿಂಗಳ ನಿಷೇಧವಾಯಿತು. ಆ ದಿನ ಯಾರು ಗೆಲ್ಲುವರೆಂದು ಯಾರೂ ಹೇಳಲಾರದೆ ಇದ್ದರು. ಆದರೆ ಇಳಿಜಾರಿನಲ್ಲಿ ಅಂತಿಮ ರೇಖೆಯನ್ನೆಳೆದರೆ ಬಿದ್ದವನ ಪಾಡೇನೆಂಬುದನ್ನು ಹೇಳಲು ಜೋಯಿಸರು ಬೇಕಾಗಿರಲಿಲ್ಲ.

ಇಲ್ಲಿ ನನಗೆ ಕೋಲಾರದ ಗಣಿಗಳ ನೆನಪಾಗುತ್ತದೆ. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆ ಆಳದಲ್ಲಿ ಬಂಡೆ ತನ್ನ ಮೇಲಿನ ಭಾರವನ್ನು ತಾಳದೆ ಒಮ್ಮೆಲೇ ಸಿಡಿಯುತ್ತಿತ್ತು. ಆ ಸಿಡಿತಕ್ಕೆ ಜೀವ ತೆತ್ತ ಕಾರ್ಮಿಕರು ಅನೇಕರು. ಭೂಕಂಪಮಾಪಕಗಳನ್ನಿಟ್ಟು ವಿಜ್ಞಾನಿಗಳು ಬಂಡೆಯ ಸದ್ದನ್ನು ಆಲಿಸಿದರು. 1988ರಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಹುಟ್ಟಿದ್ದು ಈ ಗಣಿಗಳ ನೆರೆಯಲ್ಲಿಯೇ. ಬಂಡೆ ಇಂಥ ದಿನ, ಇಂಥ ಗಳಿಗೆಯಲ್ಲಿ ಸಿಡಿಯುವುದೆಂದು ನಿಶ್ಚಯವಾಗಿ ನುಡಿಯುವುದು ಆ ವಿದ್ಯೆಗೆ ಸಾಧ್ಯವಾಗಲಿಲ್ಲ. ಆದರೆ ಒತ್ತಡ ಯಾವ ಭಾಗದಲ್ಲಿ ಕೂಡುತ್ತಿದೆಯೆಂಬುದನ್ನು ಅದು ತೋರಿಸಬಲ್ಲದಾಗಿತ್ತು. ಗಳಿಗೆ ತಿಳಿಯದಿದ್ದರೂ ಜಾಗ ತಿಳಿದರೆ ಅಲ್ಲಿ ಆಸರೆ ಕೊಡಬಹುದು, ಜನರನ್ನು ದೂರವಿಡಬಹುದು. ಊಹೆಯ ನಿಜವಾದ ಪ್ರಯೋಜನ ಅದು.

ಸೈಕಲ್ ಪಂದ್ಯದವರೂ ತಡವಾಗಿಯಾದರೂ ಇದನ್ನು ಕಲಿತರೆನ್ನಬೇಕು. ಸಮತಟ್ಟಾದ ಹಂತದ ಕೊನೆಯ ಮೂರು ಕಿಲೋಮೀಟರಿನಲ್ಲಿ ಬಿದ್ದವನಿಗೆ ಅವನ ಗುಂಪಿನ ವೇಳೆಯನ್ನೇ ಕೊಡುವ ನಿಯಮ ಮೊದಲಿನಿಂದ ಇತ್ತು. ಕಟೋವಿಟ್ಸೆಯ ತರುವಾಯ ತಡೆಬೇಲಿಗಳ ಕಡೆಗೂ ಅಂತಿಮ ಮಾರ್ಗದ ಕಡೆಗೂ ದೃಷ್ಟಿ ಹರಿಯಿತು. ಯಾಕೊಬ್ಸನ್ ಮರಳಿ ಬಂದ. 2022ರ ಟೂರ್‌ನ ಎರಡನೆಯ ಹಂತವನ್ನು ಅವನು ಗೆದ್ದ. ಮರುದಿನವೇ ಮೂರನೆಯದನ್ನು ಗ್ರುನೆವೇಗನ್ ಗೆದ್ದ. ಇಂಥ ಜೋಡಿ ಗೆಲುವನ್ನು ಯಾವ ಪಂಚಾಂಗವೂ ಬರೆದಿರಲಾರದು.

ಗೆಲ್ಲುವವನ ಹೆಸರನ್ನು ಮುಂಚಿತವಾಗಿ ತಿಳಿದರೆ ನಮಗೆ ದಕ್ಕುವುದು ಒಂದು ಗಳಿಗೆಯ ಹೆಮ್ಮೆ, ಹೆಚ್ಚೆಂದರೆ ಪಂದ್ಯ ಕಟ್ಟಿದ ಹಣ. ಬೀಳುವ ಜಾಗವನ್ನು ಮುಂಚಿತವಾಗಿ ತಿಳಿದರೆ ದಕ್ಕುವುದು ಒಂದು ಜೀವ. ಮೊದಲನೆಯದನ್ನು ಕೊನೆಯ ಇನ್ನೂರು ಮೀಟರಿಗೆ ಬಿಟ್ಟುಬಿಡೋಣ. ಆ ಅನಿಶ್ಚಯವಿಲ್ಲದಿದ್ದರೆ ಆಟವೇ ಇಲ್ಲ. ಎರಡನೆಯದನ್ನು ಮಾತ್ರ ಅದೃಷ್ಟಕ್ಕೆ ಬಿಡಲಾಗದು.